ಒಂದೇ ಕೃತಿ, ಒಂದೊಂದು ಚರ್ಚಿನಲ್ಲಿ ಒಂದೊಂದು ಶ್ರುತಿ ಯಾಕೆ?

ಓದುಗರ ಪ್ರಶ್ನೆ: ಜರ್ಮನಿಯ ಸಂಗೀತಗಾರ ಬಾಖ್ ಬರೆದ ಒಂದೇ ಆರ್ಗನ್ ಕೃತಿಯನ್ನು ಯೂಟ್ಯೂಬ್‌ನಲ್ಲಿ ಮೂರು ಬೇರೆ ಬೇರೆ ಚರ್ಚುಗಳ ವಿಡಿಯೋಗಳಲ್ಲಿ ಕೇಳಿದೆ. ಮೂರರಲ್ಲೂ ಶ್ರುತಿ ಬೇರೆ. ಬರೆದಿಟ್ಟ ಸ್ವರ ಒಂದೇ ಅಲ್ವಾ? ಚರ್ಚ್ ಸಂಗೀತಕ್ಕೆ ಎಲ್ಲ ದೇಶಕ್ಕೂ ಸೇರಿ ಒಂದು ಶ್ರುತಿ ಅಂತ ಇಲ್ವಾ?

ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಈಗ ಒಂದು ಅಳತೆ ಇದೆ, ಆದರೆ ಹಳೆಯ ಆರ್ಗನ್‌ಗಳು (ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಚರ್ಚಿನ ದೊಡ್ಡ ವಾದ್ಯಗಳು) ಅದಕ್ಕಿಂತ ಎಷ್ಟೋ ಮೊದಲು ಹುಟ್ಟಿದವು.

ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಇದು ಬೇಗ ತಿಳಿಯುತ್ತದೆ. ಯಕ್ಷಗಾನದ ಭಾಗವತರು 'ಕಪ್ಪು ಎರಡು', 'ಬಿಳಿ ನಾಲ್ಕು' ಅಂತ ಶ್ರುತಿ ಹೇಳ್ತಾರಲ್ಲ, ಅದೇ ಲೆಕ್ಕ ಹಿಡಿಯೋಣ. ಪಾಶ್ಚಾತ್ಯ ಸಂಗೀತದ 'ಎ' ಸ್ವರ ನಮ್ಮ ಬಿಳಿ ಆರು. ಇವತ್ತಿನ ಅಳತೆಯಲ್ಲಿ ಅದು 440 ಹರ್ಟ್ಜ್, ಅಂದರೆ ಸೆಕೆಂಡಿಗೆ 440 ಕಂಪನ. ಈಗ ಉತ್ತರ ಜರ್ಮನಿಯ ಹ್ಯಾಂಬರ್ಗ್‌ನ ಸೇಂಟ್ ಯಾಕೋಬಿ ಚರ್ಚಿಗೆ ಬನ್ನಿ. ಅಲ್ಲಿನ ಆರ್ಗನ್ ಅನ್ನು ಆರ್ಪ್ ಶ್ನಿಟ್ಗರ್ 1693ರಲ್ಲಿ ಕಟ್ಟಿ ಮುಗಿಸಿದ. ಅದರಲ್ಲಿ 'ಎ' ಒತ್ತಿದರೆ ಸುಮಾರು 495 ಹರ್ಟ್ಜ್, ಅಂದರೆ ನಿಮ್ಮ ಹಾರ್ಮೋನಿಯಂನ ಬಿಳಿ ಏಳು. ಅದೇ 'ಎ' ಹಳೆಯ ಫ್ರೆಂಚ್ ಆರ್ಗನ್‌ಗಳಲ್ಲಿ 392ರ ಆಸುಪಾಸು ಇರುತ್ತಿತ್ತು, ಅದು ಬಿಳಿ ಐದು. ಒಂದೇ ಹೆಸರಿನ ಸ್ವರ, ಮೂರು ಮನೆ! ಹ್ಯಾಂಬರ್ಗ್‌ನಲ್ಲಿ ಡಿ ಮೈನರ್ ಕೃತಿ ನುಡಿಸಿದರೆ ನಿಮ್ಮ ಕಿವಿಗೆ ಹತ್ತಿರಹತ್ತಿರ ಇ ಮೈನರ್ ಆಗಿ ಕೇಳುತ್ತದೆ.

ನಮ್ಮಲ್ಲಿ ಹಾಡುವವರ ಕಂಠ ನೋಡಿ ತಂಬೂರಿ ಶ್ರುತಿ ಮಾಡ್ತೇವೆ. ಆರ್ಗನ್ ಮುಂದೆ ಅದು ನಡೆಯೋದಿಲ್ಲ. ಅಲ್ಲಿ ಶ್ರುತಿ ಇರೋದು ಕೊಳವೆಯ ಉದ್ದದಲ್ಲಿ. ಮೇಲೆ ತೆರೆದ ಎಂಟು ಅಡಿಯ ಕೊಳವೆ ಮಂದ್ರದ 'ಸಿ' ಕೊಡುತ್ತದೆ, ನಾಲ್ಕು ಅಡಿಯದು ಅದರ ಮೇಲಿನ 'ಸಿ'. ಯಾಕೋಬಿ ಆರ್ಗನ್‌ನಲ್ಲಿ ಇಂಥ ಕೊಳವೆಗಳು ಸುಮಾರು 4000. ಒಮ್ಮೆ ಕತ್ತರಿಸಿ ನಿಲ್ಲಿಸಿದ ಮೇಲೆ ಊರಿನವರೆಲ್ಲ ಅದಕ್ಕೇ ಹೊಂದಿಕೊಂಡು ಹಾಡಬೇಕು.

ಉತ್ತರ ಜರ್ಮನಿಯವರು ಶ್ರುತಿ ಮೇಲಿಟ್ಟಿದ್ದಕ್ಕೆ ದುಡ್ಡೂ ಒಂದು ಕಾರಣ ಅಂತ ಹೇಳುವುದುಂಟು. ಕೊಳವೆಗೆ ಬೇಕಾದದ್ದು ತವರ ಮತ್ತು ಸೀಸ, ಅದರಲ್ಲಿ ತವರ ದುಬಾರಿ. ಶ್ರುತಿ ಎರಡು ಮನೆ (ಕಪ್ಪು, ಬಿಳಿ ಎರಡನ್ನೂ ಸೇರಿಸಿ ಎಣಿಸಿ) ಏರಿದರೆ ಪ್ರತಿ ಕೊಳವೆಯ ಉದ್ದ ಶೇ. 11ರಷ್ಟು ಇಳಿಯುತ್ತದೆ. ಸಾವಿರಾರು ಕೊಳವೆಗಳ ಲೆಕ್ಕದಲ್ಲಿ ಇದು ಸಣ್ಣ ಉಳಿತಾಯ ಅಲ್ಲ.

ತಲೆನೋವು ಶುರುವಾಗಿದ್ದು ಬೇರೆ ವಾದ್ಯಗಳು ಚರ್ಚಿನ ಒಳಗೆ ಬಂದಾಗ. 17ನೇ ಶತಮಾನದ ಕೊನೆಗೆ ಫ್ರಾನ್ಸ್‌ನಿಂದ ಹೊಸ ಬಗೆಯ ಓಬೋ (ಶಹನಾಯಿಯಂಥ ಊದುವ ವಾದ್ಯ), ಕೊಳಲುಗಳು ಜರ್ಮನಿಗೆ ಬಂದವು, ತಮ್ಮ ತಗ್ಗಿನ ಶ್ರುತಿಯನ್ನೂ ಜೊತೆಗೇ ತಂದವು. ಬಾಖ್ 1723ರಲ್ಲಿ ಲೈಪ್ಜಿಗ್‌ಗೆ ಬಂದಾಗ ಅಲ್ಲಿ ಎರಡು ಶ್ರುತಿ ಬಳಕೆಯಲ್ಲಿದ್ದವು. ಆರ್ಗನ್‌ನದು 'ಕೋರ್‌ಟೋನ್', ಅದರ 'ಎ' ಸುಮಾರು ಕಪ್ಪು ಐದು. ಉಳಿದ ವಾದ್ಯಗಳದು 'ಕಾಮರ್‌ಟೋನ್', ಅದರ 'ಎ' ಸುಮಾರು ಕಪ್ಪು ನಾಲ್ಕು. ನಡುವೆ ಪೂರ್ತಿ ಎರಡು ಮನೆ ಅಂತರ. ಆರ್ಗನ್ ಬದಲಾಯಿಸೋಕೆ ಆಗಲ್ಲ, ಹಾಗಾಗಿ ಸ್ವರ ಬರೆದ ಹಾಳೆಯನ್ನೇ ಬದಲಾಯಿಸಿದರು. ಪಿಟೀಲಿನವರ ಮುಂದೆ ಸಿ ಮೈನರ್ ಹಾಳೆ ಇದ್ದರೆ ಆರ್ಗನ್ ನುಡಿಸುವವರ ಮುಂದೆ ಬಿ ಫ್ಲ್ಯಾಟ್ ಮೈನರ್ ಹಾಳೆ. ಇಬ್ಬರೂ ಬೇರೆ ಬೇರೆ ಓದುತ್ತಾರೆ, ಹೊರಗೆ ಬರೋದು ಒಂದೇ ಶ್ರುತಿ. ಹೀಗೆ ಕೆಳಗಿಳಿಸಿ ಬರೆದ ಆರ್ಗನ್ ಹಾಳೆಗಳು ಇವತ್ತಿಗೂ ಉಳಿದಿವೆ. ಇವತ್ತಿನ ಕೀಬೋರ್ಡ್‌ನಲ್ಲಿ ಒಂದು ಬಟನ್ ಒತ್ತಿ ಮಾಡುವ ಕೆಲಸವನ್ನು ಆಗ ಪ್ರತಿ ಭಾನುವಾರದ ಸಂಗೀತಕ್ಕೂ ಕೂತು ಕೈಯಲ್ಲಿ ಬರೆದು ಮಾಡುತ್ತಿದ್ದರು ಅನ್ನೋದನ್ನ ನೆನೆದರೆ ನನಗೆ ಆ ಜನರ ಬಗ್ಗೆ ಬಹಳ ಗೌರವ ಬರುತ್ತದೆ.

ಇನ್ನು ನೀವು ಕೇಳಿದ 'ಒಂದೇ ಶ್ರುತಿ'. ಮೊದಲ ಗಟ್ಟಿ ಹೆಜ್ಜೆ ಫ್ರಾನ್ಸ್‌ನದು. 1859ರಲ್ಲಿ ಸರ್ಕಾರವೇ 'ಎ' ಅಂದರೆ 435 ಅಂತ ಗೊತ್ತುಮಾಡಿತು, 15 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ. ಆ ಡಿಗ್ರಿ ಲೆಕ್ಕ ಸುಮ್ನೆ ಸೇರಿಸಿದ್ದಲ್ಲ. ಗಾಳಿ ಬಿಸಿಯಾದಂತೆ ಅದರಲ್ಲಿ ಶಬ್ದದ ವೇಗ ಜಾಸ್ತಿಯಾಗುತ್ತದೆ, ಕೊಳವೆಯ ಶ್ರುತಿಯೂ ಏರುತ್ತದೆ. ಇಂಗ್ಲೆಂಡಿನವರು 1896ರಲ್ಲಿ ಅದೇ ಅಳತೆಯನ್ನು 20 ಡಿಗ್ರಿಯ ಸಭಾಂಗಣಕ್ಕೆ ಲೆಕ್ಕ ಹಾಕಿ 439 ಅಂತ ಇಟ್ಟುಕೊಂಡರು. 1939ರಲ್ಲಿ ಲಂಡನ್‌ನಲ್ಲಿ ಹಲವು ದೇಶದವರು ಸೇರಿ 440 ಒಪ್ಪಿದರು. ಆಮೇಲೆ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಅದನ್ನೇ ತನ್ನ ಮಾನದಂಡ ಮಾಡಿಕೊಂಡಿತು.

ಹಾಗಾದರೆ ಹಳೆಯ ಆರ್ಗನ್‌ಗಳನ್ನೂ 440ಕ್ಕೆ ತರಬಹುದಲ್ಲ? ಎಷ್ಟೋ ಕಡೆ ತಂದರು. ಏರಿಸಬೇಕಾದರೆ ಕೊಳವೆಯ ತುದಿ ಕತ್ತರಿಸಿದರು. ಇಳಿಸಬೇಕಾದರೆ ಬೆಸುಗೆ ಹಾಕಿ ಉದ್ದ ಮಾಡಿದರು, ಇಲ್ಲವೇ ಎಲ್ಲ ಕೊಳವೆಗಳನ್ನೂ ಒಂದು ಮನೆ ಸರಿಸಿ ಮಂದ್ರದ ಕಡೆ ಹೊಸ ದೊಡ್ಡ ಕೊಳವೆ ಸೇರಿಸಿದರು. ಆದರೆ ಕತ್ತರಿಸಿದ್ದು ಮತ್ತೆ ಬರೋದಿಲ್ಲ, ಕೊಳವೆಯ ಅಗಲ ಮತ್ತು ಉದ್ದದ ಹೊಂದಿಕೆ ಕೆಟ್ಟು ನಾದವೇ ಬೇರೆಯಾಗುತ್ತದೆ. ಅದಕ್ಕೇ ಈಗ ಒಳ್ಳೆಯ ಹಳೆಯ ಆರ್ಗನ್ ದುರಸ್ತಿ ಮಾಡುವವರು ಹುಟ್ಟಿದ ಶ್ರುತಿಯನ್ನು ಹಾಗೇ ಬಿಡುತ್ತಾರೆ. ಇದೇ ಸರಿ ಅಂತ ನನ್ನ ಅಭಿಪ್ರಾಯ. ನೀವು ಕೇಳಿದ ವಿಡಿಯೋಗಳಲ್ಲಿ ವ್ಯತ್ಯಾಸ ಉಳಿದಿರೋದು ಈ ಕಾಳಜಿಯಿಂದಲೇ ಇರಬೇಕು.

440ಕ್ಕೇ ಕಟ್ಟಿದ ಹೊಸ ಆರ್ಗನ್ ಕೂಡ ವರ್ಷವಿಡೀ 440ರಲ್ಲಿ ನಿಲ್ಲೋದಿಲ್ಲ. ಒಂದು ಡಿಗ್ರಿ ಬಿಸಿಗೆ ಸುಮಾರು ಮುಕ್ಕಾಲು ಹರ್ಟ್ಜ್ ಏರುತ್ತದೆ. ಅದರ ಜೊತೆಗೆ ಟ್ರಂಪೆಟ್‌ನಂಥ ನಾದ ಕೊಡುವ ಕೆಲವು ಕೊಳವೆಗಳಿಗೆ ಬುಡದಲ್ಲಿ ಲೋಹದ ನಾಲಿಗೆ ಇರುತ್ತದೆ, ನಮ್ಮ ಹಾರ್ಮೋನಿಯಂ ರೀಡ್‌ನ ಹಾಗೆ. ಅವು ಬಿಸಿಗೆ ಅಷ್ಟಾಗಿ ಜಗ್ಗೋದಿಲ್ಲ. ಸೆಖೆಯ ದಿನ ಉಳಿದ ಕೊಳವೆಗಳೆಲ್ಲ ಮೇಲೆ ಹೋಗಿ ಇವು ಮಾತ್ರ ಕೆಳಗೆ ಉಳಿಯುತ್ತವೆ, ಅಪಶ್ರುತಿ ಕಿವಿಗೆ ರಾಚುತ್ತದೆ. ಆಗ ಶ್ರುತಿ ಮಾಡುವವರು ಸಾವಿರಾರು ಕೊಳವೆಗಳನ್ನು ಮುಟ್ಟೋದಿಲ್ಲ, ನಾಲಿಗೆಯ ಮೇಲೆ ಒತ್ತಿಕೊಂಡಿರುವ ತಂತಿಯನ್ನು ತಟ್ಟಿ ತಟ್ಟಿ ಈ ಕೆಲವನ್ನು ಉಳಿದವುಗಳ ಜೊತೆ ಸೇರಿಸುತ್ತಾರೆ. ಚಳಿಯ ದೇಶಗಳಲ್ಲಿ ಅವರು ಕೆಲಸಕ್ಕೆ ಬರುವ ಮೊದಲೇ ಚರ್ಚಿನವರಿಗೆ ಒಂದು ಮಾತು ಹೇಳಿರುತ್ತಾರೆ: ಭಾನುವಾರ ಆರಾಧನೆಗೆ ಎಷ್ಟು ಬಿಸಿ ಇಡ್ತೀರೋ ಇವತ್ತೂ ಅಷ್ಟೇ ಇಡಿ.