ಕರಗುತ್ತದೆ ಸರಿ, ಎಲ್ಲಿ?

ದಾವಣಗೆರೆಯಲ್ಲಿ ಮಂಡಕ್ಕಿ ಕಟ್ಟಿಕೊಡುವ ಕವರ್ ಮೇಲೂ ಈಗ ಹಸಿರು ಎಲೆಯ ಚಿತ್ರ ಕಾಣುತ್ತದೆ. ಕೆಳಗೆ ‘ಮಣ್ಣಲ್ಲಿ ಕರಗುತ್ತದೆ’ ಅಂತ ಬರಹ. ಎಂಥ ಮಣ್ಣಲ್ಲಿ? ಎಷ್ಟು ದಿನಕ್ಕೆ? ಅದನ್ನು ಮಾತ್ರ ಬರೆದಿರುವುದಿಲ್ಲ. ಕಣ್ಣಿಗೆ ಮಣ್ಣೆರಚುವ ಕೆಲಸ ನಡೆಯುವುದೇ ಅಲ್ಲಿ.

ಇಂಥ ಅನೇಕ ಕವರ್‌ಗಳಲ್ಲಿ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬೆರೆತಿರುತ್ತದೆ. ನಮ್ಮ ಜಿಲ್ಲೆ ತುಂಬಾ ಬೆಳೆಯುವ ಮೆಕ್ಕೆಜೋಳದ ಪಿಷ್ಟದಿಂದಲೂ ಅದನ್ನು ಮಾಡಬಹುದು. ಹಾಗಂತ ಜೋಳದ ದಂಟಿನ ಹಾಗೆ ಕೊಳೆಯುವುದಿಲ್ಲ. ಬರೀ ಪಿಎಲ್‌ಎ ಬಿರುಸು. ಕವರ್ ಮೆತ್ತಗಾಗಲಿ ಅಂತ ಪಿಬಿಎಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಸೇರಿಸುತ್ತಾರೆ, ಅದು ಸಾಮಾನ್ಯವಾಗಿ ಕಚ್ಚಾ ತೈಲದಿಂದ ಬಂದದ್ದು. ಪಿಎಲ್‌ಎಯ ಉದ್ದನೆಯ ಅಣುಸರಪಳಿಯನ್ನು ಮೊದಲು ನೀರು ತುಂಡರಿಸಬೇಕು, ಆಮೇಲಷ್ಟೇ ಸೂಕ್ಷ್ಮಜೀವಿಗಳಿಗೆ ಅದು ಊಟ. ಇದೆಲ್ಲ ಬೇಗ ಆಗಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ತೇವ ಬೇಕು, ಅದೂ ವಾರಗಟ್ಟಲೆ. ದೊಡ್ಡ ಗೊಬ್ಬರ ಘಟಕದಲ್ಲಿ ಇದು ಸಾಧ್ಯ. ನಮ್ಮೂರಿನ ಏಪ್ರಿಲ್ ಬಿಸಿಲೇ ಸಾಲದು ಅಂದಮೇಲೆ ಚರಂಡಿ ಯಾವ ಲೆಕ್ಕ? ಅಲ್ಲಿ ಬಿದ್ದದ್ದು ವರ್ಷಗಟ್ಟಲೆ ಹಾಗೇ ಇರಬಹುದು.

ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಬಗೆಯ ಕವರ್ ಮೇಲೆ. ಮಾಮೂಲಿ ಪಾಲಿಥೀನ್‌ಗೆ ಕಬ್ಬಿಣ, ಮ್ಯಾಂಗನೀಸ್‌ನಂಥ ಲೋಹದ ಲವಣ ಬೆರೆಸುತ್ತಾರೆ. ಬಿಸಿಲಿಗೆ ಅದು ಪುಡಿಪುಡಿಯಾಗುತ್ತದೆ. ಕಣ್ಣಿಗೆ ಮಾಯ, ಮಣ್ಣಲ್ಲಿ ಮೈಕ್ರೋಪ್ಲಾಸ್ಟಿಕ್. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಬೇರೆ ಬೇರೆ ಕ್ಯಾರಿಬ್ಯಾಗ್‌ಗಳನ್ನು ಮಣ್ಣಲ್ಲಿ ಹೂತು, ಸಮುದ್ರದಲ್ಲಿ ಮುಳುಗಿಸಿ, 3 ವರ್ಷ ಕಾದರು. 2019ರಲ್ಲಿ ಫಲಿತಾಂಶ ಬಂತು. ‘ಜೈವಿಕವಾಗಿ ಕರಗುತ್ತದೆ’ ಎಂದಿದ್ದ ಬ್ಯಾಗ್ ಆಗಲೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು!

ಚನ್ನಗಿರಿ ಕಡೆಯ ಅಡಿಕೆ ಹಾಳೆ ತಟ್ಟೆಗೆ ಈ ರಗಳೆ ಇಲ್ಲ. ಉದುರಿದ ಹಾಳೆಯನ್ನು ತೊಳೆದು ಬಿಸಿ ಅಚ್ಚಲ್ಲಿ ಒತ್ತಿದರೆ ಆಯಿತು. ತಿಪ್ಪೆಗೆ ಹಾಕಿದರೆ ಕೊಳೆಯುತ್ತದೆ. ಆದರೆ ಅದಕ್ಕೂ ಪ್ಲಾಸ್ಟಿಕ್ ಸುತ್ತಿ, ಮೇಲೆ ‘ಪ್ಲಾಸ್ಟಿಕ್ ಮುಕ್ತ’ ಚೀಟಿ ಅಂಟಿಸಿದರೆ ಏನನ್ನಬೇಕು?

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ. ಸುಮ್ನೆ ‘ಪರಿಸರ ಸ್ನೇಹಿ’ ಅನ್ನುವ ಹಾಗಿಲ್ಲ, ಆಧಾರ ಕೊಡಬೇಕು. ಹೇಳಿದ ಮಾತು ಮಾಲಿಗೆ ಅನ್ವಯಿಸುತ್ತದೋ ಪೊಟ್ಟಣಕ್ಕೋ ಎಂಬುದೂ ಸ್ಪಷ್ಟವಾಗಿರಬೇಕು. ಇನ್ನು ಕಾಂಪೋಸ್ಟ್ ಆಗುವ ಕವರ್ ತಯಾರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಪಡೆದಿರಬೇಕು. ಕವರ್ ತಿರುಗಿಸಿ ತಯಾರಕರ ಹೆಸರು, ಪ್ರಮಾಣಪತ್ರದ ಸಂಖ್ಯೆ ಇದೆಯಾ ನೋಡಿ. ಇಲ್ಲದಿದ್ದರೆ ಫೋಟೊ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.