ಮಾತ್ರೆ ಇತ್ತಲ್ಲ, ಮತ್ತೆ ಇಂಜೆಕ್ಷನ್ ಯಾಕೆ?

ಪ್ರಶ್ನೆ: ಎಚ್‌ಐವಿ ತಗುಲದಂತೆ ತಡೆಯುವ ಮಾತ್ರೆ ದಕ್ಷಿಣ ಆಫ್ರಿಕಾದಲ್ಲಿ ಎಷ್ಟೋ ವರ್ಷದಿಂದ ಇದೆಯಂತೆ. ಹಾಗಿದ್ದರೆ ಆರು ತಿಂಗಳಿಗೊಂದು ಇಂಜೆಕ್ಷನ್ ಬಗ್ಗೆ ಇಷ್ಟು ಗಲಾಟೆ ಯಾಕೆ?

ಉತ್ತರ: ಮಾತ್ರೆಯಲ್ಲಿ ತಪ್ಪಿಲ್ಲ. ತಪ್ಪದೆ ನುಂಗಿದರೆ ಅದೂ ಚೆನ್ನಾಗೇ ತಡೆಯುತ್ತದೆ, ದಕ್ಷಿಣ ಆಫ್ರಿಕಾ 2015ರಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ತೊಡಕಿರುವುದು ಆ 'ತಪ್ಪದೆ' ಅನ್ನೋದರಲ್ಲಿ. ಜ್ವರ ಬಂದಾಗ ಐದು ದಿನಕ್ಕೆ ಕೊಟ್ಟ ಮಾತ್ರೆಯನ್ನೇ ನಾವು ಮೂರನೇ ದಿನಕ್ಕೆ ಮರೀತೀವಿ, ಅಲ್ವಾ? ಇಲ್ಲಿ ಕಾಯಿಲೆಯೇ ಇಲ್ಲದ ಹತ್ತೊಂಬತ್ತರ ಹುಡುಗಿ ದಿನಾ ನುಂಗಬೇಕು, ಅದೂ ಯಾರಿಗೂ ಕಾಣದ ಹಾಗೆ. ಡಬ್ಬಿ ಬ್ಯಾಗಿನಲ್ಲಿ ಗಲಗಲ ಅನ್ನುತ್ತದೆ. ಅದನ್ನು ನೋಡಿದ ಅಮ್ಮ 'ನಿನಗೆ ಆ ಕಾಯಿಲೆ ಇದೆಯಾ' ಅಂತಾಳೆ, ಗೆಳೆಯ 'ನನ್ನ ಮೇಲೆ ಅನುಮಾನವಾ' ಅಂತಾನೆ. ಕೊನೆಗೆ ಡಬ್ಬಿ ಮೂಲೆ ಸೇರುತ್ತದೆ.

ಅದಕ್ಕೇ 2024ರ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಔಷಧಿಯ ಹೆಸರು ಲೆನಕಾಪವಿರ್. ದಕ್ಷಿಣ ಆಫ್ರಿಕಾ ಮತ್ತು ಉಗಾಂಡಾದಲ್ಲಿ 16ರಿಂದ 25 ವಯಸ್ಸಿನ 5,300ಕ್ಕೂ ಜಾಸ್ತಿ ಹುಡುಗಿಯರ ಮೇಲೆ ಪರೀಕ್ಷೆ ನಡೆಯಿತು. ಇಂಜೆಕ್ಷನ್ ಹಾಕಿಸಿಕೊಂಡ 2,134 ಮಂದಿಯಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. ಹೌದು, ಸೊನ್ನೆ. ಹಳೇ ಮಾತ್ರೆ ಕೊಟ್ಟ 1,068 ಮಂದಿಯಲ್ಲಿ 16 ಜನರಿಗೆ ತಗುಲಿತ್ತು, ರಕ್ತ ನೋಡಿದರೆ ಹೆಚ್ಚಿನವರು ಮಾತ್ರೆಯನ್ನು ಸರಿಯಾಗಿ ನುಂಗಿಯೇ ಇರಲಿಲ್ಲ. ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿ, ಬೇಕಾದವರಿಗೆಲ್ಲ ಇಂಜೆಕ್ಷನ್ ಕೊಡಲು ಹೊರಟರು.

ಹೊಟ್ಟೆಯ ಚರ್ಮದ ಕೆಳಗೆ ಚುಚ್ಚುತ್ತಾರೆ. ಔಷಧಿ ಅಲ್ಲೇ ಗಂಟಿನ ಹಾಗೆ ಕೂತು ತಿಂಗಳುಗಟ್ಟಲೆ ನಿಧಾನಕ್ಕೆ ಕರಗುತ್ತಾ, ವೈರಸ್ಸಿನ ಚಿಪ್ಪಿಗೇ ಕೈಹಾಕುತ್ತದೆ. ಮೊದಲ ಸಲ ಮಾತ್ರ ಜೊತೆಗೆ ಎರಡು ದಿನ ಮಾತ್ರೆ ನುಂಗಬೇಕು.

ಇನ್ನು ದುಡ್ಡಿನ ವಿಷಯ. ಅಮೆರಿಕದಲ್ಲಿ ಇದರ ಬೆಲೆ ವರ್ಷಕ್ಕೆ 28,000 ಡಾಲರಿಗೂ ಮೇಲೆ, ಹೆಚ್ಚುಕಡಿಮೆ 25 ಲಕ್ಷ ರೂಪಾಯಿ! ಆದರೆ ನಮ್ಮ ಪಕ್ಕದ ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಬಡ ಮತ್ತು ಮಧ್ಯಮ ಆದಾಯದ 120 ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದ ಆಗಿದೆ. ನನಗಂತೂ ಆ ಸೊನ್ನೆಗಿಂತ ಈ ನಲವತ್ತೇ ದೊಡ್ಡ ಸುದ್ದಿ.

ಅಂದ ಹಾಗೆ, ವಾಟ್ಸಾಪಿನಲ್ಲಿ ಇದನ್ನು 'ಲಸಿಕೆ' ಅಂತ ಸುಮ್ನೆ ಹಂಚಬೇಡಿ. ಲಸಿಕೆ ದೇಹಕ್ಕೆ ಹೋರಾಡುವುದನ್ನು ಕಲಿಸುತ್ತದೆ, ಇದು ಔಷಧಿ ಒಳಗಿರುವಷ್ಟು ದಿನ ಮಾತ್ರ ಕಾಯುತ್ತದೆ. ಹಾಗಾಗಿ ಆರು ತಿಂಗಳ ತಾರೀಕು ತಪ್ಪಿಸುವ ಹಾಗಿಲ್ಲ, ಪ್ರತಿ ಸಲ ಚುಚ್ಚುವ ಮೊದಲು ಎಚ್‌ಐವಿ ಪರೀಕ್ಷೆಯೂ ಆಗಬೇಕು. ಬಸಿರು, ಬೇರೆ ಲೈಂಗಿಕ ಸೋಂಕುಗಳನ್ನು ಇದು ತಡೆಯುವುದಿಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು.