ಒಂದೇ ಪೆನ್‌ಡ್ರೈವ್, ಮೆನುವಿನಲ್ಲಿ ಎರಡು ಸಾಲು

ಲಿನಕ್ಸ್ ಹಾಕಿದ ಮೇಲೆ ವಿಂಡೋಸ್ ಮಾಯವಾಯಿತು ಎಂದು ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ವಿಂಡೋಸ್ ಎಲ್ಲಿಗೂ ಹೋಗಿರುವುದಿಲ್ಲ. ಡಿಸ್ಕ್‌ನಲ್ಲೇ ಹಾಯಾಗಿ ಇರುತ್ತದೆ. ಫೋಟೋ, ಫೈಲು ಎಲ್ಲ ಇರುತ್ತವೆ. ಮೆಷಿನ್ ಆನ್ ಮಾಡಿದಾಗ ಬರುವ ಮೆನುವಿನಲ್ಲಿ ಹೆಸರು ಕಾಣುವುದಿಲ್ಲ, ಅಷ್ಟೇ. ಆದರೆ ನನ್ನವರೆಗೆ ಬರುವ ಹೊತ್ತಿಗೆ ಇವರು ಲಿನಕ್ಸನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿರುತ್ತಾರೆ. ಗ್ರಬ್ (ಆ ಮೆನು ತೋರಿಸುವ ಲಿನಕ್ಸ್‌ನ ಪ್ರೋಗ್ರಾಂ) ರಿಪೇರಿ ಅಂತ ಸಿಕ್ಕ ಸಿಕ್ಕ ಕಮಾಂಡನ್ನೆಲ್ಲ ಕೊಟ್ಟಿರುತ್ತಾರೆ. "ಲಿನಕ್ಸ್ ಹಾಕಲು ಪೆನ್‌ಡ್ರೈವ್ ಬೂಟ್ ಮಾಡುವಾಗ ಮೆನುವಿನಲ್ಲಿ ಯಾವ ಸಾಲು ಆರಿಸಿದ್ರಿ?" ಎಂದು ಕೇಳಿದರೆ, "ಪೆನ್‌ಡ್ರೈವ್ ಅಂತ ಇತ್ತಲ್ಲ ಸಾರ್, ಅದೇ" ಅನ್ನುತ್ತಾರೆ. ಎಡವಟ್ಟಾಗಿರುವುದು ಅಲ್ಲೇ.

ಮೆಷಿನ್ ಆನ್ ಮಾಡಿದ ಕೂಡಲೇ ಎಫ್12 ಒತ್ತಿ ಬೂಟ್ ಮೆನು ತೆರೆಯಿರಿ. ಕೆಲವು ಮೆಷಿನ್‌ಗಳಲ್ಲಿ ಎಸ್ಕೇಪ್ ಅಥವಾ ಎಫ್9 ಇರಬಹುದು. ಮೆಷಿನ್ ಏಳುವ ಮೋಡ್ ಎರಡು: ಹಳೆಯದು ಲೆಗಸಿ, ಹೊಸದು ಯುಇಎಫ್‌ಐ. ಲೆಗಸಿ ಸೌಲಭ್ಯ ಆನ್ ಇದ್ದರೆ, ಚುಚ್ಚಿರುವುದು ಒಂದೇ ಪೆನ್‌ಡ್ರೈವ್ ಆದರೂ ಅದರ ಹೆಸರು ಎರಡು ಸಲ ಬರುತ್ತದೆ. ಸಾಮಾನ್ಯವಾಗಿ ಒಂದರ ಮುಂದೆ ಯುಇಎಫ್‌ಐ ಎಂದು ಇರುತ್ತದೆ, ಇನ್ನೊಂದರಲ್ಲಿ ಬರೀ ಪೆನ್‌ಡ್ರೈವ್ ಹೆಸರು. ಯಾವುದನ್ನು ಒತ್ತಿದರೂ ಅದೇ ಡೆಸ್ಕ್‌ಟಾಪ್, ಅದೇ ವಾಲ್‌ಪೇಪರ್, ಅದೇ ಇನ್‌ಸ್ಟಾಲ್ ಐಕಾನ್. ಹಾಗಾಗಿ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. ಪೆನ್‌ಡ್ರೈವ್ ಯಾವ ಮೋಡ್‌ನಲ್ಲಿ ಬೂಟ್ ಆಯಿತೋ, ಇನ್‌ಸ್ಟಾಲರ್ ಸಾಮಾನ್ಯವಾಗಿ ಅದೇ ಮೋಡ್‌ಗೆ ಬೂಟ್‌ಲೋಡರ್ (ಓಎಸ್ ಎಬ್ಬಿಸುವ ಪ್ರೋಗ್ರಾಂ) ಹಾಕುತ್ತದೆ. ನಿಮ್ಮ ವಿಂಡೋಸ್ ಯಾವ ಮೋಡ್‌ನಲ್ಲಿದೆ ಅಂತ ಅದು ಕೇಳುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮುಗ್ಗರಿಸುವುದು ಇಲ್ಲೇ. ಹಳೆಯ ಲೆಗಸಿ ಪದ್ಧತಿಯಲ್ಲಿ ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲಿದ್ದು ಮೊದಲು ಓಡುವ ಪ್ರೋಗ್ರಾಂ) ಡಿಸ್ಕ್‌ನ ಮೊದಲ ಸೆಕ್ಟರ್ ಓದುತ್ತದೆ. ಅದು 512 ಬೈಟ್. ಅದರಲ್ಲಿ ಕೋಡ್‌ಗೆ ಸಿಗುವ ಜಾಗ 446 ಬೈಟ್ ಮಾತ್ರ, ಉಳಿದದ್ದು ಪಾರ್ಟಿಷನ್ (ಡಿಸ್ಕ್‌ನ ಭಾಗಗಳ) ಟೇಬಲ್ ಮತ್ತು ಒಂದು ಗುರುತು. ಗ್ರಬ್ ತನ್ನ ಮೊದಲ ತುಣುಕನ್ನು ಅಲ್ಲಿ ತುರುಕುತ್ತದೆ. ಯುಇಎಫ್‌ಐ ಆ ಕೋಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಾಗಿರುವುದು ಇಎಸ್‌ಪಿ ಎಂಬ ಚಿಕ್ಕ ಪಾರ್ಟಿಷನ್, ಅದರ ಫೈಲ್ ಸಿಸ್ಟಮ್ ಸಾಮಾನ್ಯವಾಗಿ ಫ್ಯಾಟ್32. ಅದರೊಳಗೆ ವಿಂಡೋಸ್‌ನ ಲೋಡರ್ ಒಂದು ಫೋಲ್ಡರ್‌ನಲ್ಲಿ, ಉಬುಂಟು ಎಂಬ ಲಿನಕ್ಸ್ ಇದ್ದರೆ ಅದರದ್ದು ಇನ್ನೊಂದರಲ್ಲಿ. ಯಾವುದನ್ನು ಮೊದಲು ಕರೆಯಬೇಕು ಎಂಬ ಪಟ್ಟಿ ಇರುವುದು ಡಿಸ್ಕ್‌ನಲ್ಲೂ ಅಲ್ಲ, ಮದರ್‌ಬೋರ್ಡ್‌ನ ಮೆಮೊರಿಯಲ್ಲಿ.

ಈಗ ಲೆಗಸಿಯಲ್ಲಿ ಎದ್ದ ಗ್ರಬ್, ಯುಇಎಫ್‌ಐನಲ್ಲಿ ಕೂತಿರುವ ವಿಂಡೋಸನ್ನು ಎಬ್ಬಿಸಬೇಕು ಅನ್ನಿ. ಆಗುವುದಿಲ್ಲ. ವಿಂಡೋಸ್‌ನ ಲೋಡರ್‌ಗೆ ಬೇಕಾದ ಯುಇಎಫ್‌ಐ ಸೇವೆಗಳು ಆ ಹೊತ್ತಿಗೆ ಅಲ್ಲಿ ಇರುವುದೇ ಇಲ್ಲ. ಗ್ರಬ್ ಅಪ್‌ಡೇಟ್ ಕಮಾಂಡನ್ನು ಎಷ್ಟು ಸಲ ಕೊಟ್ಟರೂ ವಿಂಡೋಸ್ ಹೆಸರು ಬಾರದಿರುವುದು ಇದಕ್ಕೇ. ಗ್ರಬ್ ಕೆಟ್ಟಿಲ್ಲ ಸ್ವಾಮಿ, ಅದು ಬೇರೆ ಮೋಡ್‌ನಲ್ಲಿದೆ.

ಒಬ್ಬ ಹುಡುಗ ಬಂದಿದ್ದ, ಕಾಲೇಜು ಓದುವವನು. ಅವನ ಲಿನಕ್ಸ್ ಎರಡನೇ ಡಿಸ್ಕ್‌ನಲ್ಲಿತ್ತು. ಅವನು ಕಷ್ಟ ಹೇಳಿಕೊಳ್ಳಲು ಬಂದಿದ್ದೇ ಅಲ್ಲ, ಬ್ಯಾಟರಿ ತೋರಿಸಲು ಬಂದಿದ್ದ. ಮಾತಿನ ಮಧ್ಯೆ ಬಾಯಿಬಿಟ್ಟ. "ಲಿನಕ್ಸ್ ಬೇಕಾದ್ರೆ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಲೆಗಸಿ ಮಾಡ್ತೀನಿ. ವಿಂಡೋಸ್ ಬೇಕಾದ್ರೆ ವಾಪಸ್ ಯುಇಎಫ್‌ಐ. ಡ್ಯುಯಲ್ ಬೂಟ್ ಅಂದ್ರೆ ಇದೇ ಅಲ್ವಾ ಸಾರ್?" ಪಾಪ, ದಿನಾ ಹಾಗೇ ಮಾಡುತ್ತಿದ್ದ! ನನಗೆ ನಗು ಬಂತು, ಅವನ ತಾಳ್ಮೆ ನೋಡಿ ಪ್ರೀತಿಯೂ ಬಂತು. ಮತ್ತೆ ಇನ್‌ಸ್ಟಾಲ್ ಮಾಡುವ ಅಗತ್ಯವೇ ಇರಲಿಲ್ಲ. ಪೆನ್‌ಡ್ರೈವನ್ನು ಯುಇಎಫ್‌ಐ ಸಾಲಿನಿಂದ ಬೂಟ್ ಮಾಡಿ, ಅವನ ಲಿನಕ್ಸ್ ಪಾರ್ಟಿಷನ್ ಮತ್ತು ಇಎಸ್‌ಪಿ ಎರಡನ್ನೂ ಮೌಂಟ್ ಮಾಡಿ (ಅಂದರೆ ತೆರೆದು ಜೋಡಿಸಿ), ಸಿಎಚ್‌ರೂಟ್ ಕಮಾಂಡ್‌ನಿಂದ ಆ ಲಿನಕ್ಸ್‌ನ ಒಳಗೆ ಹೋಗಿ ಗ್ರಬ್‌ನ ಇಎಫ್‌ಐ ಪ್ಯಾಕೇಜ್ ಹಾಕಿದೆ. ಬೂಟ್ ಆಗುವಾಗ ಜೋಡಿಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಇಎಸ್‌ಪಿಗೆ ಒಂದು ಸಾಲು ಸೇರಿಸಿದೆ. ಮುಂದಿನ ಬೂಟ್‌ನಲ್ಲಿ ಎರಡೂ ಹೆಸರು ಒಂದೇ ಮೆನುವಿಗೆ ಬಂದವು. ಎಲ್ಲರದೂ ಇಷ್ಟು ಸಲೀಸಾಗಿ ಆಗುತ್ತದೆ ಎಂದು ಮಾತು ಕೊಡಲಾರೆ. ಪಾರ್ಟಿಷನ್ ಹಂಚಿಕೆ ಹೇಗಿದೆ ಎಂಬುದರ ಮೇಲೆ ಹೋಗುತ್ತದೆ.

ಇನ್‌ಸ್ಟಾಲ್ ಐಕಾನ್ ಒತ್ತುವ ಮೊದಲು ಟರ್ಮಿನಲ್ ತೆರೆದು, ಸಿಸ್ ಡೈರೆಕ್ಟರಿಯ ಒಳಗಿನ ಫರ್ಮ್‌ವೇರ್ ಫೋಲ್ಡರ್‌ನಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇದೆಯಾ ನೋಡಿ. ಇದ್ದರೆ ಯುಇಎಫ್‌ಐನಲ್ಲಿದ್ದೀರಿ. ಇಲ್ಲದಿದ್ದರೆ ಲೆಗಸಿ. ವಿಂಡೋಸ್ ಯುಇಎಫ್‌ಐನಲ್ಲಿದ್ದರೆ ಅಲ್ಲಿಗೇ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಇನ್ನೊಂದು ಸಾಲು ಆರಿಸಿ. ವಿಂಡೋಸ್ ಕಡೆಯದನ್ನು ತಿಳಿಯಲು ಅದರ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಬಯಾಸ್ ಮೋಡ್ ಎಂಬ ಸಾಲಿದೆ. ಎರಡೂ ಹೊಂದಬೇಕು.

ವೆಂಟಾಯ್ ಎಂಬ ಪ್ರೋಗ್ರಾಂ ಬಂದ ಮೇಲೆ ಬೂಟ್ ಆಗುವ ಪೆನ್‌ಡ್ರೈವ್ ಮಾಡುವ ಕೆಲಸ ಸುಲಭವಾಯಿತು, ಈ ಗೊಂದಲ ಮಾತ್ರ ಹಾಗೇ ಉಳಿಯಿತು. ಅದು ಪೆನ್‌ಡ್ರೈವನ್ನು ಎರಡು ಭಾಗ ಮಾಡುತ್ತದೆ. ದೊಡ್ಡದು ಎಕ್ಸ್‌ಫ್ಯಾಟ್, ಐಎಸ್‌ಒ (ಇನ್‌ಸ್ಟಾಲರ್ ಇರುವ ಇಡೀ ಡಿಸ್ಕ್‌ನ ಪ್ರತಿ) ಫೈಲ್‌ಗಳನ್ನು ಸುಮ್ನೆ ಕಾಪಿ ಮಾಡಿದರೆ ಸಾಕು. ಫ್ಯಾಟ್32ರಂತೆ ಒಂದು ಫೈಲಿಗೆ 4 ಜಿಬಿ ಮಿತಿಯ ತಲೆನೋವಿಲ್ಲ. ಇನ್ನೊಂದು 32 ಎಂಬಿ, ಅದರ ಸ್ವಂತ ಸಾಮಾನು, ಅದನ್ನು ಮುಟ್ಟಬೇಡಿ. ಇದು ಎರಡೂ ಮೋಡ್‌ನಲ್ಲಿ ಏಳುತ್ತದೆ, ಆದ್ದರಿಂದ ನೀವೇ ಎಚ್ಚರವಾಗಿರಬೇಕು. ಅದರ ಮೆನುವಿನ ಕೆಳಗಿನ ಮೂಲೆಯಲ್ಲಿ ವರ್ಷನ್ ನಂಬರ್ ಪಕ್ಕ ಯಾವ ಮೋಡ್ ಎಂದು ಚಿಕ್ಕದಾಗಿ ಬರೆದಿರುತ್ತದೆ. ಅದನ್ನು ಓದುವವರನ್ನು ನಾನು ಕಂಡಿದ್ದು ಕಡಿಮೆ. ಸಹಿ ಇಲ್ಲದ ಲೋಡರ್‌ಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ ನೀಲಿ ಪರದೆ ಬಂದು ಕೀ ಸೇರಿಸಲು ಹೇಳುತ್ತದೆ. ಅದು ವೈರಸ್ ಅಲ್ಲ.

ಐಎಸ್‌ಒ ಫೈಲನ್ನು ಡಿಡಿ ಕಮಾಂಡ್‌ನಿಂದ ಪೆನ್‌ಡ್ರೈವ್‌ಗೆ ಬರೆಯುವವರಿಗೆ ಹೆಚ್ಚು ಹೇಳಬೇಕಿಲ್ಲ. ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಸೈಜ್ ನೋಡಿ ಡಿವೈಸ್ ಹೆಸರು ಖಚಿತ ಮಾಡಿಕೊಳ್ಳಿ. ಪಾರ್ಟಿಷನ್‌ಗೆ ಅಲ್ಲ, ಇಡೀ ಡಿವೈಸ್‌ಗೆ ಬರೆಯಿರಿ. ಸಿಂಕ್ ಕಮಾಂಡ್ ಮುಗಿಯುವ ತನಕ ಪೆನ್‌ಡ್ರೈವ್ ಕೀಳಬೇಡಿ.

ಮೋಡ್ ಸರಿಯಿದ್ದೂ ವಿಂಡೋಸ್ ಕಾಣದಿದ್ದರೆ ಆಗ ಗ್ರಬ್ ಕಡೆ ನೋಡಬಹುದು. 2021ರಲ್ಲಿ ಬಂದ ಗ್ರಬ್ 2.06ರಿಂದ, ಬೇರೆ ಓಎಸ್‌ಗಳನ್ನು ಹುಡುಕುವ ಓಎಸ್-ಪ್ರೋಬರ್ ತಾನಾಗಿ ಓಡುವುದಿಲ್ಲ. ಕೆಲವು ಡಿಸ್ಟ್ರೋಗಳು (ಲಿನಕ್ಸ್‌ನ ಬಗೆಗಳು) ತಾವೇ ಮತ್ತೆ ಆನ್ ಮಾಡಿರುತ್ತವೆ, ಕೆಲವು ಇಲ್ಲ. ಗ್ರಬ್‌ನ ಡಿಫಾಲ್ಟ್ ಫೈಲಿನಲ್ಲಿ ಅದನ್ನು ಆನ್ ಮಾಡಿ ಮೆನು ಮತ್ತೆ ಬರೆಸಿ. ಈ ರಗಳೆ ಬೇಡ ಅನ್ನುವವರಿಗೆ ರೀಫೈಂಡ್ ಎಂಬ ಬೇರೆ ಬೂಟ್ ಮೆನು ಚೆನ್ನಾಗಿದೆ. ಪ್ರತಿ ಬೂಟ್‌ನಲ್ಲೂ ಇಎಫ್‌ಐ ಲೋಡರ್‌ಗಳನ್ನು ತಾನೇ ಹುಡುಕಿ ತೋರಿಸುತ್ತದೆ. ಮೋಡ್ ತಪ್ಪಿದ್ದಕ್ಕೆ ಮಾತ್ರ ಅದು ಔಷಧಿಯಲ್ಲ.

ಇದಿಷ್ಟಕ್ಕೂ ಕೈ ಹಾಕುವ ಮೊದಲು ವಿಂಡೋಸ್ ಡಿಸ್ಕ್‌ಗೆ ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬೀಗ) ಆನ್ ಇದೆಯಾ ನೋಡಿಕೊಳ್ಳಿ. ಸೆಕ್ಯೂರ್ ಬೂಟ್ ಅಥವಾ ಬೂಟ್ ಕ್ರಮ ಬದಲಾಯಿಸಿದರೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀಯನ್ನು ಅದೇ ಲ್ಯಾಪ್‌ಟಾಪ್‌ನ ಡೆಸ್ಕ್‌ಟಾಪ್ ಮೇಲೆ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟವರನ್ನೂ ನೋಡಿದ್ದೇನೆ. ಕಾಗದದ ಮೇಲೆ ಬರೆದು ಬೇರೆ ಕಡೆ ಇಡಿ. ಆ ಕೀ ಇಲ್ಲದೆ ಬಂದರೆ ನಾನೂ ಏನೂ ಮಾಡಲಾರೆ.